ಕೊಳವೆಯ ಗುಣ ಅದರ ಬೆರಕೆಯಲ್ಲಿ: ಕುಡಿಯುವ ನೀರಿನ ಪಿವಿಸಿ ಪೈಪುಗಳ ಕುರಿತು ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯಲ್ಲಿ ಪೈಪು ಖರೀದಿಯ ವಿಷಯ ಚರ್ಚೆಗೆ ಬಂದಾಗ ಮೂರು ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. ಎಷ್ಟು ಇಂಚಿನದು, ಎಷ್ಟು ಮೀಟರ್ ಬೇಕು, ದರವೆಷ್ಟು. ಆ ಪೈಪಿನ ಪ್ಲಾಸ್ಟಿಕ್ಕಿನಲ್ಲಿ ಏನೇನು ಬೆರೆತಿದೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ನೆಲದಡಿಯಲ್ಲಿ ಹೂತ ಪೈಪು ಮೂರೇ ಬೇಸಿಗೆಗೆ ಸೀಳುವುದೋ ದಶಕಗಟ್ಟಲೆ ಬಾಳುವುದೋ, ಅದರೊಳಗೆ ಹರಿದ ನೀರು ಮಗುವಿನ ಹೊಟ್ಟೆಗೆ ಸೀಸವನ್ನು ಒಯ್ಯುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ನಾಲ್ಕನೆಯ ಪ್ರಶ್ನೆಯ ಉತ್ತರವೇ ಆಗಿದೆ.

2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್ ಯೋಜನೆಯಡಿ, ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರಾದ ಕಾಮಗಾರಿಗಳ ಮೂಲಕ ಹಳ್ಳಿಗಳ ನೆಲದಲ್ಲಿ ಬಹಳಷ್ಟು ಹೊಸ ಕೊಳವೆ ಇಳಿದಿದೆ. ಕಾಮಗಾರಿಯನ್ನು ಗುತ್ತಿಗೆದಾರರು ಮುಗಿಸಿ ಹಸ್ತಾಂತರಿಸಿದ ಮೇಲೆ ಒಡೆದ ಪೈಪನ್ನು ಬದಲಿಸುವ ಹೊಣೆ ಪಂಚಾಯತಿಯದು. ದುರಸ್ತಿಗೆ ಬೇಕಾದ ಹತ್ತಿಪ್ಪತ್ತು ಉದ್ದದ ಪೈಪನ್ನು ಹತ್ತಿರದ ಪೇಟೆಯ ಅಂಗಡಿಯಿಂದ ತರಿಸುವಾಗ ಯಾವ ತಾಂತ್ರಿಕ ತಪಾಸಣೆಯೂ ನಡೆಯುವುದಿಲ್ಲ. ದೊಡ್ಡ ಕಾಮಗಾರಿಯಲ್ಲಿ ಉಳಿಸಿಕೊಂಡ ಗುಣಮಟ್ಟವು ಕೈಬಿಟ್ಟುಹೋಗುವುದು ಹೆಚ್ಚಾಗಿ ಇಂತಹ ಸಣ್ಣ ಖರೀದಿಗಳಲ್ಲೇ. ಆದ್ದರಿಂದ ಪಿವಿಸಿ ಎಂಬ ಪದಾರ್ಥದ ಸ್ವಭಾವವನ್ನೂ ಅದಕ್ಕೆ ಸೇರಿಸುವ ದ್ರವ್ಯಗಳ ಕೆಲಸವನ್ನೂ ಸದಸ್ಯರು ತಿಳಿದಿರುವುದು ಅಗತ್ಯ.

ಬೆರಕೆಯಿಲ್ಲದೆ ಪಿವಿಸಿ ಇಲ್ಲ

‘ಬೆರಕೆ’ ಎಂಬ ಮಾತು ಹಾಲು, ಎಣ್ಣೆ, ಬೇಳೆಗಳ ವಿಷಯದಲ್ಲಿ ಮೋಸವನ್ನೇ ಸೂಚಿಸುತ್ತದೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ಹಾಗಲ್ಲ. ಹಿಂದಿನ ಕಾಲದ ಗಾರೆ ಕೆಲಸವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಬರಿಯ ಸುಣ್ಣವನ್ನು ಗೋಡೆಗೆ ಮೆತ್ತಿದರೆ ಅದು ಬಿರುಕು ಬಿಟ್ಟು ಉದುರುತ್ತದೆ. ಅದಕ್ಕೆ ಮರಳು ಸೇರಿಸಿ, ಬೆಲ್ಲದ ನೀರು ಹಾಕಿ, ಗಾಣದಲ್ಲಿ ಅರೆದಾಗ ನೂರಾರು ವರ್ಷ ನಿಲ್ಲುವ ಗಾರೆಯಾಗುತ್ತಿತ್ತು. ಏನನ್ನು, ಎಷ್ಟು ಪ್ರಮಾಣದಲ್ಲಿ, ಎಷ್ಟು ಚೆನ್ನಾಗಿ ಬೆರೆಸಲಾಯಿತು ಎಂಬುದೇ ಗಾರೆಯವನ ವಿದ್ಯೆ. ಪಿವಿಸಿ ಪೈಪಿನ ಕಾರ್ಖಾನೆಯ ವಿದ್ಯೆಯೂ ಅದೇ.

ಪಿವಿಸಿ ಎಂದರೆ ಪಾಲಿವಿನೈಲ್ ಕ್ಲೋರೈಡ್. ಅದರ ತೂಕದ ಸುಮಾರು ಶೇ. 57ರಷ್ಟು ಭಾಗ ಅಡುಗೆ ಉಪ್ಪಿನಿಂದ ದೊರೆಯುವ ಕ್ಲೋರಿನ್. ಉಳಿದದ್ದು ಪೆಟ್ರೋಲಿಯಂ ಅಥವಾ ಅನಿಲ ಮೂಲದ ಇಂಗಾಲ ಮತ್ತು ಜಲಜನಕ. ಕಾರ್ಖಾನೆಗೆ ಬರುವಾಗ ಅದು ಅಕ್ಕಿಹಿಟ್ಟಿನಂತಹ ಬಿಳಿಯ ಪುಡಿ. ಈ ಪುಡಿಯನ್ನು ರೆಸಿನ್ ಎನ್ನುತ್ತಾರೆ. 1872ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಜೆನ್ ಬೌಮನ್ ಎಂಬುವರು ಬಿಸಿಲಿಗಿಟ್ಟ ಗಾಜಿನ ಪಾತ್ರೆಯಲ್ಲಿ ವಿನೈಲ್ ಕ್ಲೋರೈಡ್ ಅನಿಲವು ಬಿಳಿಯ ಘನವಸ್ತುವಾಗಿ ಮಾರ್ಪಟ್ಟಿದ್ದನ್ನು ಗಮನಿಸಿದರು. ಆದರೆ ಆ ವಸ್ತುವಿನಿಂದ ಏನು ಮಾಡಬಹುದೆಂಬುದು ಅರ್ಧ ಶತಮಾನ ಕಳೆದರೂ ಯಾರಿಗೂ ಹೊಳೆಯಲಿಲ್ಲ. ಕಾಯಿಸಿದರೆ ಕರಗಿ ಹರಿಯುವ ಮೊದಲೇ ಅದು ಕೆಡುತ್ತಿತ್ತು. ತಣ್ಣಗಿದ್ದಾಗ ಗಡುಸಾಗಿ ಒಡೆಯುತ್ತಿತ್ತು.

1926ರಲ್ಲಿ ಅಮೆರಿಕದ ಗುಡ್‌ರಿಚ್ ರಬ್ಬರ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ ಅವರು ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದನ್ನು ಹುಡುಕುತ್ತಿದ್ದರು. ಪಿವಿಸಿಯನ್ನು ಸುಲಭವಾಗಿ ಆವಿಯಾಗದ ದ್ರವದಲ್ಲಿ ಬಿಸಿಮಾಡಿದಾಗ ಅವರಿಗೆ ಗೋಂದು ದೊರೆಯಲಿಲ್ಲ. ಬದಲಿಗೆ ಬಾಗುವ, ಪುಟಿಯುವ, ನೀರಿಗೆ ಜಗ್ಗದ ವಸ್ತುವೊಂದು ದೊರೆಯಿತು. ದ್ರವದ ಕಣಗಳು ಪಿವಿಸಿಯ ಉದ್ದನೆಯ ಸರಪಳಿಗಳ ನಡುವೆ ಸೇರಿಕೊಂಡು ಅವು ಒಂದರ ಮೇಲೊಂದು ಜಾರುವಂತೆ ಮಾಡಿದ್ದವು. ಇಂದು ತೋಟಕ್ಕೆ ನೀರು ಬಿಡುವ ಹಸಿರು ಪೈಪು, ವಿದ್ಯುತ್ ತಂತಿಯ ಹೊದಿಕೆ, ರೆಕ್ಸಿನ್, ಚಪ್ಪಲಿಯ ಅಟ್ಟೆ ಇವೆಲ್ಲವೂ ಈ ಬಗೆಯ ಮೆದುಗೊಳಿಸಿದ ಪಿವಿಸಿಯಿಂದ ಆಗುತ್ತವೆ. ಬಿಸಿಲಿನಲ್ಲಿ ಬಿಟ್ಟ ಹಸಿರು ಪೈಪು ಕೆಲವು ವರ್ಷಗಳಲ್ಲಿ ಬಿರುಸಾಗುವುದಕ್ಕೆ ಒಂದು ಮುಖ್ಯ ಕಾರಣ ಆ ಮೆದುಗಾರಿ ದ್ರವವು ನಿಧಾನವಾಗಿ ಹೊರಬಂದು ಹೋಗುವುದು. ಬೇಸಿಗೆಯಲ್ಲಿ ಟ್ಯಾಂಕರ್ ಮೂಲಕ ಕುಡಿಯುವ ನೀರು ಪೂರೈಸುವ ಪಂಚಾಯತಿಗಳು ತೋಟಕ್ಕೆಂದು ಮಾರುವ ಅಗ್ಗದ ಮೆದು ಪೈಪನ್ನು ಆ ಕೆಲಸಕ್ಕೆ ಬಳಸಬಾರದು. ಆಹಾರ ಮತ್ತು ಕುಡಿಯುವ ನೀರಿಗೆಂದೇ ತಯಾರಾದ ಪೈಪು ಬೇರೆಯೇ ಇರುತ್ತದೆ.

ನೆಲದಲ್ಲಿ ಹೂಳುವ ಬೂದು ಬಣ್ಣದ ಪೈಪಿಗೆ ಮೆದುಗಾರಿ ಸೇರಿಸುವುದಿಲ್ಲ. ಅದನ್ನು ಯುಪಿವಿಸಿ, ಅಂದರೆ ಮೆದುಗೊಳಿಸದ ಪಿವಿಸಿ ಎಂದು ಕರೆಯುವುದು ಆ ಕಾರಣಕ್ಕೇ. ಹಾಗೆಂದ ಮಾತ್ರಕ್ಕೆ ಅದು ಬರಿಯ ಪಿವಿಸಿಯೂ ಅಲ್ಲ.

ಶಾಖದ ತೊಡಕು ಮತ್ತು ಸೀಸದ ಪ್ರವೇಶ

ಪೈಪಿನ ಆಕಾರ ಕೊಡಲು ಪಿವಿಸಿಯನ್ನು ಸುಮಾರು 160ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಆದರೆ ಯಾವ ರಕ್ಷಣೆಯೂ ಇಲ್ಲದ ಪಿವಿಸಿ 100 ಡಿಗ್ರಿ ದಾಟಿದ ಮೇಲೆಯೇ ತನ್ನಲ್ಲಿರುವ ಕ್ಲೋರಿನ್ನನ್ನು ಹೈಡ್ರೋಕ್ಲೋರಿಕ್ ಆಮ್ಲದ ಅನಿಲವಾಗಿ ಬಿಟ್ಟುಕೊಡಲು ತೊಡಗುತ್ತದೆ. ಹೀಗೆ ಬಿಡುಗಡೆಯಾದ ಆಮ್ಲ ಸುಮ್ಮನಿರುವುದಿಲ್ಲ. ಹಾಲಿಗೆ ಬಿದ್ದ ಹೆಪ್ಪಿನಂತೆ ಅದು ಪಕ್ಕದ ಸರಪಳಿಯನ್ನೂ ಕೆಡಿಸುತ್ತ ಸಾಗುತ್ತದೆ. ಬಿಳಿಯ ಪುಡಿ ಹಳದಿಯಾಗಿ, ಕಂದಾಗಿ, ಕೊನೆಗೆ ಕರಿಯ ಕಿಟ್ಟವಾಗುತ್ತದೆ. ಆದುದರಿಂದ ಈ ಆಮ್ಲವನ್ನು ಹುಟ್ಟಿದ ಕ್ಷಣದಲ್ಲೇ ಹಿಡಿದು ಕಟ್ಟಿಹಾಕುವ ದ್ರವ್ಯವೊಂದು ಬೇಕು. ಅದನ್ನು ಸ್ಥಿರಕಾರಿ ಎನ್ನಬಹುದು. ಮಾರುಕಟ್ಟೆಯಲ್ಲಿ ಅದರ ಹೆಸರು ಸ್ಟೆಬಿಲೈಸರ್. ನೂರು ಕಿಲೋ ರೆಸಿನ್ನಿಗೆ ಕೆಲವೇ ಕಿಲೋ ಸಾಕು. ಆದರೆ ಅದಿಲ್ಲದೆ ಪೈಪೇ ಇಲ್ಲ.

ದಶಕಗಳ ಕಾಲ ಈ ಕೆಲಸಕ್ಕೆ ಬಳಕೆಯಾದದ್ದು ಸೀಸದ ಸಂಯುಕ್ತಗಳು. ಅವು ಅಗ್ಗ, ಅವುಗಳ ಕೆಲಸ ನಂಬುವಂಥದ್ದು, ಯಂತ್ರ ನಡೆಸುವವರು ಶಾಖದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಮಾಡಿದರೂ ಪೈಪು ಕೆಡುವುದಿಲ್ಲ. ತಯಾರಕರು ಅವನ್ನು ಬಿಡಲು ಹಿಂಜರಿದದ್ದು ಸಹಜವೇ. ತೊಂದರೆ ಇರುವುದು ಕುಡಿಯುವವರ ಕಡೆಗೆ. ಪೈಪಿನ ಒಳಮೈಯಲ್ಲಿರುವ ಸೀಸದ ಒಂದಂಶ ನೀರಿಗೆ ಸೇರುತ್ತದೆ. ಹೊಸ ಪೈಪಿನಲ್ಲಿ ಇದು ಹೆಚ್ಚು; ಒಳಮೈಯ ಸೀಸ ತೊಳೆದುಹೋದಂತೆ ಕಡಿಮೆಯಾಗುತ್ತ ಬರುತ್ತದೆ. ನೀರು ಆಮ್ಲೀಯವಾಗಿದ್ದರೆ ಅಥವಾ ರಾತ್ರಿಯಿಡೀ ಪೈಪಿನಲ್ಲಿ ನಿಂತಿದ್ದರೆ ಹೆಚ್ಚಾಗುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಸೀಸವು 0.01 ಮಿಲಿಗ್ರಾಂ ಮೀರಬಾರದು. ಅಂದರೆ ಒಂದು ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕಿನ ಪೂರ್ತಿ ನೀರಿಗೆ ಒಂದೇ ಗ್ರಾಂ. ಮಿತಿ ಇಷ್ಟು ಬಿಗಿಯಾಗಿರಲು ಕಾರಣವಿದೆ. ಬೆಳೆಯುವ ಮಗುವಿನ ಮಿದುಳಿಗೆ ಸೀಸ ಮಾಡುವ ಹಾನಿಗೆ ಸುರಕ್ಷಿತವೆಂದು ಹೇಳಬಹುದಾದ ಕನಿಷ್ಠ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಅದು ನೀರಿನ ರುಚಿಯನ್ನೂ ಬಣ್ಣವನ್ನೂ ಬದಲಿಸುವುದಿಲ್ಲ. ನೀರು ಕುದಿಸಿದರೆ ಹೋಗುವುದಿಲ್ಲ, ಬ್ಲೀಚಿಂಗ್ ಪುಡಿ ಹಾಕಿದರೂ ಹೋಗುವುದಿಲ್ಲ. ಗ್ರಾಮ ಮಟ್ಟದ ನೀರು ಪರೀಕ್ಷೆಯ ಕಿಟ್ಟಿನಲ್ಲಿ ಸೀಸದ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ತಕ್ಕ ಸಲಕರಣೆಯುಳ್ಳ ಪ್ರಯೋಗಾಲಯವೇ ಬೇಕು. ಕಣ್ಣಿಗೆ ಕಾಣದ, ಊರಿನಲ್ಲಿ ಅಳೆಯಲಾಗದ ದೋಷವನ್ನು ಖರೀದಿಯ ಹಂತದಲ್ಲೇ ತಡೆಯುವುದಲ್ಲದೆ ಬೇರೆ ದಾರಿ ಇಲ್ಲ.

ಕೇಂದ್ರ ಸರ್ಕಾರದ ಪರಿಸರ ಸಚಿವಾಲಯವು 2021ರಲ್ಲಿ ಪಿವಿಸಿ ಪೈಪು ಮತ್ತು ಫಿಟಿಂಗುಗಳಲ್ಲಿ ಸೀಸದ ಸ್ಥಿರಕಾರಿಯ ಬಳಕೆಯನ್ನು ನಿರ್ಬಂಧಿಸುವ ನಿಯಮಗಳನ್ನು ಹೊರಡಿಸಿತು. ಸೀಸದ ಬದಲಿಗೆ ಈಗ ಕ್ಯಾಲ್ಸಿಯಂ ಮತ್ತು ಸತುವಿನ ಸಂಯುಕ್ತಗಳ ಮಿಶ್ರಣವನ್ನು, ಕೆಲವೆಡೆ ತವರ ಆಧಾರಿತ ದ್ರವ್ಯಗಳನ್ನು ಬಳಸಲಾಗುತ್ತಿದೆ. ಸತುವು ಆಮ್ಲವನ್ನು ಬೇಗ ಹಿಡಿಯುತ್ತದೆ. ಆದರೆ ಹಾಗೆ ಹಿಡಿದಾಗ ಉಂಟಾಗುವ ಸತುವಿನ ಕ್ಲೋರೈಡ್ ತಾನೇ ಪಿವಿಸಿಯನ್ನು ಕೆಡಿಸುವ ಗುಣದ್ದು. ಕ್ಯಾಲ್ಸಿಯಂ ಅದನ್ನು ಮತ್ತೆ ಸರಿಪಡಿಸುತ್ತದೆ. ಎರಡೂ ಜೋಡಿ ಎತ್ತುಗಳಂತೆ ಹೆಜ್ಜೆ ಹೊಂದಿಸಿ ನಡೆಯಬೇಕು. ಅದಕ್ಕೇ ಈ ಮಿಶ್ರಣದಿಂದ ಪೈಪು ಮಾಡಲು ಶಾಖದ ನಿಯಂತ್ರಣ ಬಿಗಿಯಾಗಿರಬೇಕಾಗುತ್ತದೆ. ಅಚ್ಚುಕಟ್ಟಿಲ್ಲದ ಸಣ್ಣ ಘಟಕಗಳು ಹಳೆಯ ಪದ್ಧತಿಗೇ ಜೋತುಬೀಳುವ ಆಮಿಷವೂ ಇಲ್ಲೇ ಇದೆ. ಹಳೆಯ ಪೈಪುಗಳನ್ನು ಗುಜರಿಯಿಂದ ತಂದು ಅರೆದು ಮತ್ತೆ ಪೈಪು ಮಾಡಿದರೆ ಅದರಲ್ಲಿನ ಸೀಸವೂ ಹಿಂದೆಯೇ ಬರುತ್ತದೆ ಎಂಬುದನ್ನು ಗಮನಿಸಬೇಕು.

ಸೀಮೆಸುಣ್ಣದ ಲೆಕ್ಕ

ಪೈಪಿಗೆ ಸೇರಿಸುವ ಮತ್ತೊಂದು ಮುಖ್ಯ ದ್ರವ್ಯ ಕ್ಯಾಲ್ಸಿಯಂ ಕಾರ್ಬೋನೇಟ್. ಸರಳವಾಗಿ ಹೇಳುವುದಾದರೆ ನಯವಾಗಿ ಪುಡಿಮಾಡಿದ ಸುಣ್ಣದ ಕಲ್ಲು. ಇದು ತನ್ನಷ್ಟಕ್ಕೆ ಮೋಸವಲ್ಲ. ಅತಿ ಸಣ್ಣ ಕಣಗಳಿಗೆ ಕೊಬ್ಬಿನಾಮ್ಲದ ತೆಳುಲೇಪನ ಕೊಟ್ಟು ಹಿತಮಿತವಾಗಿ ಬೆರೆಸಿದರೆ ಪೈಪಿನ ಬಿಗುವು ಹೆಚ್ಚುತ್ತದೆ, ಯಂತ್ರದಿಂದ ನಯವಾಗಿ ಹೊರಬರುತ್ತದೆ. ಪುಡಿಯ ಬೆಲೆ ರೆಸಿನ್ನಿನ ಬೆಲೆಗಿಂತ ಬಹಳ ಕಡಿಮೆ ಇರುವುದರಿಂದ ‘ಇನ್ನೊಂದು ಬುಟ್ಟಿ ಇರಲಿ’ ಎನ್ನುವ ಆಸೆ ಹುಟ್ಟುವುದೇ ಇಲ್ಲಿನ ಕಷ್ಟ. ಪ್ರಮಾಣ ಮೀರಿದಾಗ ಪಿವಿಸಿಯ ಸರಪಳಿಗಳು ಒಂದನ್ನೊಂದು ಹಿಡಿದುಕೊಳ್ಳಲು ಎಡೆಯೇ ಸಿಗದೆ ಕಲ್ಲಿನ ಕಣಗಳ ನಡುವೆ ಸಿಲುಕುತ್ತವೆ. ಅಂತಹ ಪೈಪು ಅಂಗಡಿಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಮೋಟರು ಚಾಲೂ ಆದಾಗ ನೀರಿನ ಹೊಡೆತಕ್ಕೆ, ಇಲ್ಲವೆ ಮೇಲೆ ಟ್ರ್ಯಾಕ್ಟರು ಹಾದಾಗ, ಬಳೆಯಂತೆ ಸೀಳುತ್ತದೆ.

ಪೈಪನ್ನು ಕೈಯಲ್ಲಿ ಎತ್ತಿ ‘ಭಾರವಾಗಿದೆ, ಒಳ್ಳೆಯ ಮಾಲು’ ಎಂದು ಮೆಚ್ಚುವ ರೂಢಿ ನಮ್ಮ ಕಡೆ ಎಲ್ಲೆಲ್ಲೂ ಇದೆ. ಈ ರೂಢಿಯನ್ನು ಬಿಡುವುದು ಒಳಿತು. ಸುಣ್ಣದ ಕಲ್ಲಿನ ಸಾಂದ್ರತೆ ನೀರಿನ 2.7 ಪಟ್ಟು, ಪಿವಿಸಿಯದು ಸುಮಾರು 1.4 ಪಟ್ಟು. ಹೀಗಾಗಿ ಗೋಡೆಯ ದಪ್ಪ ಒಂದೇ ಇರುವ ಎರಡು ಪೈಪುಗಳಲ್ಲಿ ಹೆಚ್ಚು ಭಾರದ್ದು ಹೆಚ್ಚು ಕಲ್ಲುಪುಡಿ ತುಂಬಿದ್ದಾಗಿರುವ ಸಾಧ್ಯತೆಯೇ ಹೆಚ್ಚು. ತೂಕದ ಲೆಕ್ಕದಲ್ಲಿ ಪೈಪು ಮಾರುವ ಅಂಗಡಿಯಲ್ಲಿ ಕೊಳ್ಳುವವರು ಕಲ್ಲಿನ ಪುಡಿಗೆ ಪ್ಲಾಸ್ಟಿಕ್ಕಿನ ಬೆಲೆ ತೆರುತ್ತಾರೆ.

ಕುಡಿಯುವ ನೀರಿನ ಯುಪಿವಿಸಿ ಪೈಪಿನ ಮಾನಕವಾದ ಐಎಸ್ 4985ರಲ್ಲಿ ಪೈಪಿನ ಸಾಂದ್ರತೆ 1.40ರಿಂದ 1.46ರ ನಡುವೆ ಇರಬೇಕೆಂದು ಹೇಳಿರುವುದರ ಹಿಂದಿನ ತರ್ಕ ಇದೇ. ಸ್ಥೂಲ ಲೆಕ್ಕ ಹೀಗಿದೆ. ನೂರು ಕಿಲೋ ರೆಸಿನ್ನಿಗೆ 8 ಕಿಲೋ ಪುಡಿ ಸೇರಿಸಿದರೆ ಸಾಂದ್ರತೆ 1.45ರ ಆಸುಪಾಸಿನಲ್ಲಿರುತ್ತದೆ. 30 ಕಿಲೋ ಸೇರಿಸಿದರೆ 1.57ಕ್ಕೆ ಏರುತ್ತದೆ. ಪೈಪಿನ ಬಣ್ಣವಾಗಲಿ ಹೊಳಪಾಗಲಿ ಹೇಳದ ಸಂಗತಿಯನ್ನು ಈ ಒಂದು ಸಂಖ್ಯೆ ಹೇಳಿಬಿಡುತ್ತದೆ.

ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಮಾಡುವ ಕೆಲಸವೂ ಸಾಂದ್ರತೆಯನ್ನು ಅಳೆಯುವುದೇ ಆಗಿದೆ. ಪೈಪಿಗೂ ಅಂಥದೊಂದು ಅಳತೆಯನ್ನು ಪಂಚಾಯತಿ ಕಚೇರಿಯಲ್ಲೇ ಮಾಡಬಹುದು. ಒಂದು ಗ್ರಾಂವರೆಗೆ ತೋರಿಸುವ, ಅಡುಗೆಮನೆಗೆಂದು ಮಾರುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಪೈಪಿನಿಂದ ಇನ್ನೂರೈವತ್ತು, ಮುನ್ನೂರು ಗ್ರಾಂ ತೂಗುವಷ್ಟು ತುಂಡನ್ನು ಕತ್ತರಿಸಿ, ಅಂಚಿನ ಚೂರುಗಳನ್ನು ಒರೆಸಿ, ಒಣಗಿದ ತೂಕವನ್ನು ಬರೆದುಕೊಳ್ಳಬೇಕು. ನಂತರ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆಯನ್ನಿಟ್ಟು ತೂಕವನ್ನು ಸೊನ್ನೆಗೆ ತರಬೇಕು. ತುಂಡನ್ನು ತೆಳುವಾದ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ಪಾತ್ರೆಯ ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಇಳಿಬಿಡಬೇಕು. ನೀರು ಹೊರಗೆ ಚೆಲ್ಲಬಾರದು. ತುಂಡಿಗೆ ಅಂಟಿದ ಗಾಳಿಗುಳ್ಳೆಗಳನ್ನು ಅಲುಗಿಸಿ ಬಿಡಿಸಬೇಕು. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ತುಂಡಿನ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ತುಂಡು 290 ಗ್ರಾಂ ತೂಗಿ, ಮುಳುಗಿದಾಗ ತಕ್ಕಡಿ 200 ತೋರಿಸಿದರೆ ಸಾಂದ್ರತೆ 1.45. ಅದೇ 200ಕ್ಕೆ ಒಣ ತೂಕ 314 ಇದ್ದರೆ 1.57; ಅಂತಹ ಪೈಪನ್ನು ದಾಸ್ತಾನಿಗೆ ಸೇರಿಸುವ ಮುನ್ನ ಪ್ರಶ್ನಿಸಲೇಬೇಕು.

ಇದೊಂದೇ ಅಂತಿಮ ತೀರ್ಪಲ್ಲ. ಕೆನೆ ತೆಗೆದು ನೀರು ಬೆರೆಸಿದ ಹಾಲು ಲ್ಯಾಕ್ಟೋಮೀಟರನ್ನು ವಂಚಿಸಬಲ್ಲದು ಎಂಬ ಕಾರಣಕ್ಕೆ ಡೇರಿಯಲ್ಲಿ ಜಿಡ್ಡಿನ ಪರೀಕ್ಷೆಯೂ ನಡೆಯುತ್ತದೆ. ಹಾಗೆಯೇ ಸಾಂದ್ರತೆ ಸರಿಯಾಗಿದ್ದ ಮಾತ್ರಕ್ಕೆ ಪೈಪಿನಲ್ಲಿ ಸೀಸವಿಲ್ಲವೆಂದಾಗಲಿ, ಗುಜರಿ ಮಾಲು ಸೇರಿಲ್ಲವೆಂದಾಗಲಿ ಹೇಳಲಾಗದು. ಸಾಂದ್ರತೆ ತಪ್ಪಿದ್ದರೆ ಮಾತ್ರ ಏನೋ ತಪ್ಪಿದೆ ಎಂಬುದು ಖಚಿತ. ಕಚೇರಿಯ ಈ ಅಳತೆಯ ಆಧಾರದ ಮೇಲೆ ಬಿಲ್ಲನ್ನು ತಿರಸ್ಕರಿಸುವುದು ಸರಿಯಲ್ಲ. ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳುಹಿಸಲು ಇದು ಸಾಕಷ್ಟು ಕಾರಣವಾಗುತ್ತದೆ. ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆಯ ಕೇಂದ್ರ ಮೈಸೂರಿನಲ್ಲಿದ್ದು, ಅಲ್ಲಿ ಪ್ಲಾಸ್ಟಿಕ್ ಪರೀಕ್ಷೆಯ ಸೌಲಭ್ಯವಿದೆ. ಪೈಪನ್ನು ಕಲ್ಲಿಗೆ ಬಡಿದು ನೋಡುವುದು, ಕಾಲಿನಿಂದ ತುಳಿದು ನೋಡುವುದು ಪರೀಕ್ಷೆಯೆನಿಸುವುದಿಲ್ಲ.

ಬಿಸಿಲು, ಪೆಟ್ಟು, ಬಣ್ಣ

ಉಳಿದ ಸೇರ್ಪಡೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೇಣ ಮತ್ತು ಸ್ಟಿಯರೇಟುಗಳು ಕರಗಿದ ಪಿವಿಸಿ ಯಂತ್ರದ ಲೋಹಕ್ಕೆ ಅಂಟದಂತೆ ನೋಡಿಕೊಳ್ಳುತ್ತವೆ; ಚಪಾತಿಯ ಕಾವಲಿಗೆ ಎಣ್ಣೆ ಸವರಿದಂತೆ. ಪೆಟ್ಟು ತಡೆಯುವ ಗುಣ ಬೇಕೆಂದಲ್ಲಿ ರಬ್ಬರಿನಂತಹ ಪದಾರ್ಥವನ್ನು, ಉದಾಹರಣೆಗೆ ಕ್ಲೋರಿನ್ ಸೇರಿಸಿದ ಪಾಲಿಥೀನನ್ನು ಬೆರೆಸುತ್ತಾರೆ. ಅದರ ಕಣಗಳು ಹರಡಿಕೊಂಡಿದ್ದು, ಹುಟ್ಟಿದ ಬಿರುಕು ಮುಂದಕ್ಕೆ ಓಡದಂತೆ ತಡೆಯುತ್ತವೆ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಬಣ್ಣದ ಪುಡಿ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಇದು ದುಬಾರಿಯಾದ್ದರಿಂದ ನೆಲದಡಿಯ ಪೈಪಿಗೆ ಕಡಿಮೆ ಹಾಕುತ್ತಾರೆ. ನೆಲದಡಿಯಲ್ಲಿ ಬಿಸಿಲೇ ಇಲ್ಲವಲ್ಲ.

ಆದರೆ ಆ ಪೈಪು ನೆಲಕ್ಕೆ ಇಳಿಯುವ ಮೊದಲು ಎಲ್ಲಿತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಕಾಮಗಾರಿ ತಡವಾದಾಗ ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ, ರಸ್ತೆಯ ಅಂಚಿನಲ್ಲಿ ಪೈಪಿನ ರಾಶಿ ಆರು ತಿಂಗಳು, ವರ್ಷ ಬಿಸಿಲಿಗೆ ಬಿದ್ದಿರುವುದು ಅಪರೂಪವಲ್ಲ. ಮೇಲಿನ ಸಾಲಿನ ಪೈಪುಗಳ ಒಂದು ಮಗ್ಗುಲು ಮಾತ್ರ ಬಣ್ಣಗೆಟ್ಟು, ಪುಡಿ ಹಿಡಿದಂತೆ ಕಾಣುತ್ತದೆ. ಆ ಮಗ್ಗುಲಿನ ಮೇಲ್ಮೈ ಪೆಡಸಾಗಿರುತ್ತದೆ. ಮುಂದೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಕಾರ್ಖಾನೆಯಲ್ಲಿ ಸರಿಯಾಗಿ ಬೆರೆಸಿದ್ದನ್ನು ಊರಿನಲ್ಲಿ ಕೆಡಿಸಿಕೊಂಡಂತಾಯಿತು. ಪೈಪಿನ ರಾಶಿಗೆ ನೆರಳು ಅಥವಾ ಗಾಳಿಯಾಡುವ ಹೊದಿಕೆ ಇರಬೇಕೆಂದು ಸದಸ್ಯರು ಗುತ್ತಿಗೆದಾರರಿಗೆ ಹೇಳಲು ಯಾವ ತಾಂತ್ರಿಕ ಅಧಿಕಾರವೂ ಬೇಕಿಲ್ಲ.

ಶಾಖಕ್ಕೂ ಪಿವಿಸಿ ಮಣಿಯುತ್ತದೆ. ಪೈಪಿನ ಮೇಲೆ ಮುದ್ರಿಸಿರುವ ಒತ್ತಡದ ದರ್ಜೆಯು 27 ಡಿಗ್ರಿ ಉಷ್ಣತೆಗೆ ಹೇಳಿದ್ದು. ಚದರ ಸೆಂಟಿಮೀಟರಿಗೆ 6 ಕಿಲೋ ದರ್ಜೆಯ ಪೈಪು ಸುಮಾರು 60 ಮೀಟರ್ ಎತ್ತರದ ನೀರಿನ ಒತ್ತಡವನ್ನು ತಾಳುತ್ತದೆ ಎಂದರೂ, ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್ ಬಿಸಿಲಿನಲ್ಲಿ ನೆಲದ ಮೇಲೆಯೇ ಹಾಯಿಸಿದ ಪೈಪಿಗೆ ಆ ಮಾತು ಅನ್ವಯಿಸುವುದಿಲ್ಲ. ತಾತ್ಕಾಲಿಕವೆಂದು ಹಾಕಿದ ಮೇಲ್ಮೈ ಪೈಪು ಬೇಸಿಗೆಯಲ್ಲೇ ಸಿಡಿಯುವುದು ಈ ಕಾರಣದಿಂದ.

ಕಪ್ಪು ಪೈಪು, ಕಪ್ಪು ಟ್ಯಾಂಕು

ಎಚ್‌ಡಿಪಿಇ ಎಂಬ ಕಪ್ಪು ಪೈಪು ಪಿವಿಸಿ ಅಲ್ಲ, ಪಾಲಿಥೀನ್. ಅದಕ್ಕೆ ಸೀಸದ ಅಗತ್ಯವಿಲ್ಲ. ಅದರ ಶತ್ರು ಬಿಸಿಲು, ಅದರ ಕಾವಲು ಇಂಗಾಲದ ಮಸಿ. ಐಎಸ್ 4984 ಮಾನಕದಂತೆ ಪೈಪಿನ ತೂಕದ ಶೇ. 2ರಿಂದ 3ರಷ್ಟು ಮಸಿ ಇರಬೇಕು. ಅದು ನೇರಳಾತೀತ ಕಿರಣವನ್ನು ಮೇಲ್ಮೈಯಲ್ಲೇ ನುಂಗಿಬಿಡುತ್ತದೆ. ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕು ವರ್ಷಗಟ್ಟಲೆ ಬಿಸಿಲಿಗೆ ನಿಂತು ತಾಳುವುದೂ, ಒಳಗೆ ಬೆಳಕು ಹೋಗದೆ ಪಾಚಿ ಬೆಳೆಯದಿರುವುದೂ ಈ ಮಸಿಯಿಂದಲೇ.

ಇಲ್ಲಿ ಪ್ರಮಾಣದಷ್ಟೇ ಬೆರೆಸುವ ಕ್ರಮವೂ ಮುಖ್ಯ. ರಾಗಿ ಮುದ್ದೆ ತಿರುವುವವರು ಮೊದಲು ಸ್ವಲ್ಪ ಹಿಟ್ಟನ್ನು ನೀರಿನಲ್ಲಿ ಕದಡಿ ಅಂಬಲಿ ಮಾಡಿಕೊಳ್ಳುತ್ತಾರೆ; ಒಣ ಹಿಟ್ಟನ್ನು ಸುರಿದು ಸರಿಯಾಗಿ ತಿರುವದಿದ್ದರೆ ಗಂಟು ಉಳಿಯುತ್ತದೆ. ಮಸಿಯನ್ನೂ ಮೊದಲು ಸ್ವಲ್ಪ ಪ್ಲಾಸ್ಟಿಕ್ಕಿನಲ್ಲಿ ದಟ್ಟವಾಗಿ ಬೆರೆಸಿ ಕಾಳು ಮಾಡಿಕೊಂಡು, ಆಮೇಲೆ ದೊಡ್ಡ ಪ್ರಮಾಣದಲ್ಲಿ ಕೂಡಿಸುತ್ತಾರೆ. ಗಂಟು ಉಳಿದ ಜಾಗದಲ್ಲಿ ಪೈಪು ದುರ್ಬಲವಾಗಿದ್ದು, ಒತ್ತಡದಲ್ಲಿ ಅಲ್ಲಿಂದಲೇ ಬಾಯಿ ಬಿಡುತ್ತದೆ.

ಕಪ್ಪು ಬಣ್ಣಕ್ಕೆ ಇನ್ನೊಂದು ಮುಖವಿದೆ: ಅದು ಎಲ್ಲವನ್ನೂ ಮುಚ್ಚುತ್ತದೆ. ಗುಜರಿಯ ಕೊಡ, ಬಕೆಟ್ಟು, ಹಳೆಯ ಡಬ್ಬಿಗಳನ್ನು ಕರಗಿಸಿ ಮಸಿ ಹಾಕಿದರೆ ಹೊಸದರಂತೆಯೇ ಕಾಣುತ್ತದೆ. ಕುಡಿಯುವ ನೀರಿನ ಪೈಪಿಗೆ ಹೊರಗಿನ ಗುಜರಿ ಪ್ಲಾಸ್ಟಿಕ್ ಬೆರೆಸುವಂತಿಲ್ಲ. ಸಣ್ಣ ಗುರುತೊಂದಿದೆ. ಎಚ್‌ಡಿಪಿಇ ನೀರಿಗಿಂತ ಹಗುರ. ಪೈಪಿನ ಚೂರು ತೇಲಬೇಕು. ಮುಳುಗಿದರೆ ಅದರಲ್ಲಿ ಬೇರೇನೋ ಸೇರಿದೆ. ತೇಲಿದ ಮಾತ್ರಕ್ಕೆ ಉತ್ತಮವೆಂದು ತಿಳಿಯಬಾರದು. ಗುಜರಿಯ ಕೊಡವೂ ತೇಲುತ್ತದೆ.

ಸಭೆಯ ನಡವಳಿಯಲ್ಲಿ ಬರಬೇಕಾದದ್ದು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಚೌಕಟ್ಟಿನಲ್ಲಿ ಟೆಂಡರು ಕರೆಯುವಾಗಲಾಗಲಿ, ಸಣ್ಣ ಖರೀದಿಗೆ ದರಪಟ್ಟಿ ಪಡೆಯುವಾಗಲಾಗಲಿ, ಬೇಡಿಕೆಯನ್ನು ‘ಎರಡೂವರೆ ಇಂಚು ಪಿವಿಸಿ ಪೈಪು’ ಎಂದಷ್ಟೇ ಬರೆದರೆ ಅತಿ ಕಡಿಮೆ ದರ ನೀಡಿದವರ ಕಲ್ಲುಪುಡಿಯ ಪೈಪನ್ನು ನಿರಾಕರಿಸಲು ಪಂಚಾಯತಿಯ ಬಳಿ ಆಧಾರವೇ ಇರುವುದಿಲ್ಲ. ಕಂಪನಿಯ ಹೆಸರು ಬರೆಯುವುದೂ ಪರಿಹಾರವಲ್ಲ. ‘ಐಎಸ್ 4985ಕ್ಕೆ ಅನುಗುಣವಾದ, ಐಎಸ್‌ಐ ಮುದ್ರೆಯುಳ್ಳ, ಸೀಸರಹಿತ ಸ್ಥಿರಕಾರಿ ಬಳಸಿದ, ಇಷ್ಟು ಹೊರವ್ಯಾಸದ, ಇಂತಿಷ್ಟು ಒತ್ತಡದ ದರ್ಜೆಯ ಯುಪಿವಿಸಿ ಪೈಪು, ಸರಬರಾಜಿನೊಂದಿಗೆ ತಯಾರಕರ ಪರೀಕ್ಷಾ ವರದಿ ಲಗತ್ತಿಸತಕ್ಕದ್ದು’ ಎಂಬ ಒಂದು ವಾಕ್ಯ ಸಾಕು. ಫಿಟಿಂಗುಗಳಿಗೂ, ಅಂದರೆ ಎಲ್ಬೋ, ಟೀ, ಕಪ್ಲಿಂಗುಗಳಿಗೂ ಇದೇ ಷರತ್ತು ಇರಲಿ. ಪೈಪಿಗೆ ಗಮನ ಕೊಟ್ಟು ಫಿಟಿಂಗನ್ನು ಮರೆಯುವುದು ಸಾಮಾನ್ಯವಾಗಿದೆ.

ಮಾಲು ಬಂದ ದಿನ ಪೈಪಿನ ಮೇಲಿನ ಬರಹವನ್ನು ಓದಬೇಕು. ತಯಾರಕರ ಹೆಸರು, ವ್ಯಾಸ, ಒತ್ತಡದ ದರ್ಜೆ, ಐಎಸ್ ಸಂಖ್ಯೆ, ಐಎಸ್‌ಐ ಮುದ್ರೆ ಮತ್ತು ಅದರ ಜೊತೆ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತವೆ. ಮುದ್ರೆಯನ್ನು ಯಾರಾದರೂ ಅಚ್ಚು ಹಾಕಿಸಬಹುದು. ಆದುದರಿಂದ ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪಿನಲ್ಲಿ ನಮೂದಿಸಿ, ಪರವಾನಗಿ ಜಾರಿಯಲ್ಲಿದೆಯೇ, ಅದು ಪೈಪಿನ ಮೇಲಿರುವ ತಯಾರಕರದ್ದೇ ಹೌದೇ ಎಂದು ನೋಡಬೇಕು. ಇದಕ್ಕೆ ತಗಲುವುದು ಎರಡು ನಿಮಿಷ. ಪೈಪಿನ ಬರಹದ ಫೋಟೋ ಮತ್ತು ಆ್ಯಪಿನ ಫಲಿತಾಂಶವನ್ನು ಬಿಲ್ಲಿನ ಕಡತದಲ್ಲಿ ಸೇರಿಸಿಟ್ಟರೆ ಮುಂದೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದಾಗಲೂ ಅನುಕೂಲ. ಈ ಕೆಲಸವನ್ನು ನೀರುಗಂಟಿಗೂ ಕಲಿಸುವುದು ಸೂಕ್ತ. ರಾತ್ರಿ ಎಂಟು ಗಂಟೆಗೆ ಪೈಪು ಒಡೆದಾಗ ಅಂಗಡಿಗೆ ಹೋಗಿ ತುಂಡು ತರುವವರು ಅವರೇ.

ಹೊಸ ಪೈಪು ಜೋಡಿಸಿದ ಮೇಲೆ, ಸಲ್ಯೂಷನ್ ಒಣಗಲು ಬೇಕಾದ ಸಮಯ ಬಿಟ್ಟು, ಮೊದಲ ನೀರನ್ನು ಚೆನ್ನಾಗಿ ಹೊರಗೆ ಹರಿಯಬಿಡಬೇಕು. ಪೈಪು ಎಷ್ಟೇ ಉತ್ತಮವಾಗಿದ್ದರೂ ಒಳಮೈಯ ಧೂಳು, ಸಲ್ಯೂಷನ್ನಿನ ಅಂಶ ಅದರಲ್ಲಿರುತ್ತದೆ. ಹಳೆಯ ಪೈಪಿನ ಜಾಲದಲ್ಲಿ ಸೀಸದ ಅನುಮಾನವಿದ್ದರೆ ಬೆಳಗಿನ ಮೊದಲ ಬಿಂದಿಗೆ ನೀರನ್ನು ಕುಡಿಯಲು, ಅಡುಗೆಗೆ ಬಳಸದೆ ಬಟ್ಟೆ ಒಗೆಯಲು ಬಳಸುವಂತೆ ಮನೆಗಳಿಗೆ, ವಿಶೇಷವಾಗಿ ಅಂಗನವಾಡಿ ಮತ್ತು ಶಾಲೆಗಳಿಗೆ ತಿಳಿಸಬಹುದು.

ಕೊನೆಯದಾಗಿ ತುಂಡುಗಳ ವಿಚಾರ. ದುರಸ್ತಿಯ ನಂತರ ಉಳಿದ ಪಿವಿಸಿ ಚೂರುಗಳನ್ನು ಕಸದೊಂದಿಗೆ ಸುಡುವುದು ಹಲವೆಡೆ ನಡೆದಿದೆ. ಕಾರ್ಖಾನೆಯಲ್ಲಿ ಸ್ಥಿರಕಾರಿ ಕಟ್ಟಿಹಾಕುತ್ತಿದ್ದ ಆಮ್ಲವು ಬೆಂಕಿಯಲ್ಲಿ ಪೂರ್ತಿ ಬಿಡುಗಡೆಯಾಗಿ, ಕಣ್ಣು ಮತ್ತು ಗಂಟಲನ್ನು ಸುಡುವ ಹೊಗೆಯಾಗುತ್ತದೆ. ಡಯಾಕ್ಸಿನ್ ಎಂಬ ಘೋರ ವಿಷಗಳೂ ಹುಟ್ಟುತ್ತವೆ. ಹಳೆಯ ಪೈಪಾದರೆ ಸೀಸ ಬೂದಿಯಲ್ಲಿ ಉಳಿಯುತ್ತದೆ. ತ್ಯಾಜ್ಯ ಪ್ಲಾಸ್ಟಿಕ್ಕನ್ನು ಡಾಂಬರಿನೊಂದಿಗೆ ಬೆರೆಸಿ ರಸ್ತೆ ಮಾಡುವ ವಿಧಾನಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ನೀಡಿರುವ ಮಾರ್ಗಸೂಚಿಯಲ್ಲಿಯೂ ಪಿವಿಸಿಯನ್ನು ಹೊರಗಿಡಲಾಗಿದೆ. ಡಾಂಬರು ಮಿಶ್ರಣದ ಶಾಖಕ್ಕೇ ಅದು ಆಮ್ಲ ಬಿಡಬಲ್ಲದು. ಸ್ವಚ್ಛ ಸಂಕೀರ್ಣಕ್ಕೆ ಬರುವ ಒಣ ಕಸದಲ್ಲಿ ಪೈಪಿನ ತುಂಡು, ತಂತಿಯ ಹೊದಿಕೆ, ರೆಕ್ಸಿನ್, ಹಸಿರು ಪೈಪುಗಳನ್ನು ಹಾಲಿನ ಕವರು ಮತ್ತು ನೀರಿನ ಬಾಟಲಿಗಳೊಂದಿಗೆ ಕೂಡಿಸದೆ, ಬೇರೆ ಚೀಲದಲ್ಲಿ ಕಟ್ಟಿಡುವಂತೆ ಅಲ್ಲಿ ಕೆಲಸ ಮಾಡುವ ಮಹಿಳೆಯರಿಗೆ ತಿಳಿಸಿಕೊಡಬೇಕು. ಒಂದೆರಡು ಪಿವಿಸಿ ಚೂರು ಬಾಟಲಿಯ ರಾಶಿಗೆ ಸೇರಿದರೂ ಇಡೀ ರಾಶಿಯ ಬೆಲೆ ಇಳಿಯುತ್ತದೆ.